ಆರು ಅಕ್ಷರ, ಎಂಬತ್ತು ಸೆಕೆಂಡು

ಮುದಗಲ್ ಎಂದು ಇಂಗ್ಲಿಷಿನಲ್ಲಿ ಬರೆಯಲು ಆರು ಅಕ್ಷರ ಬೇಕು: ಎಂ, ಯು, ಡಿ, ಜಿ, ಎ, ಎಲ್. ಈ ಆರನ್ನೂ ಬಳಸಿ, ಎರಡು ಸ್ವರಗಳು ಅಕ್ಕಪಕ್ಕ ಬಾರದಂತೆ ಎಷ್ಟು ಬಗೆಯಲ್ಲಿ ಜೋಡಿಸಬಹುದು? ಆಯ್ಕೆಗಳು ನಾಲ್ಕು: 720, 240, 120, 480.

ನಮ್ಮ ರಾಜ್ಯದ ಸಿಇಟಿ ಗಣಿತ ಪತ್ರಿಕೆಗೆ ಬರುವ ಜಾತಿಯ ಪ್ರಶ್ನೆ ಇದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಆ ಪರೀಕ್ಷೆಯಲ್ಲಿ ಗಣಿತಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಒಂದು ಪ್ರಶ್ನೆಗೆ ಸಿಗುವುದು ಎಂಬತ್ತು ಸೆಕೆಂಡು. ಓದುವುದು, ಯೋಚಿಸುವುದು, ಲೆಕ್ಕ ಮಾಡುವುದು, ಓಎಂಆರ್ ಹಾಳೆಯಲ್ಲಿ ಗೋಲ ತುಂಬುವುದು ಎಲ್ಲವೂ ಅಷ್ಟರೊಳಗೇ ಆಗಬೇಕು.

ಈ ಲೆಕ್ಕ ಕಷ್ಟದ್ದೇನಲ್ಲ. ಆರು ಬೇರೆ ಬೇರೆ ಅಕ್ಷರಗಳನ್ನು ಯಾವ ಷರತ್ತೂ ಇಲ್ಲದೆ ಜೋಡಿಸಿದರೆ 6×5×4×3×2×1, ಅಂದರೆ 720 ಬಗೆ. ಯು ಮತ್ತು ಎ ಎರಡನ್ನೂ ಕೂಡಿಸಿ ಒಂದು ಗಂಟು ಮಾಡಿದರೆ ಒಟ್ಟು ಐದು ವಸ್ತು ಉಳಿಯುತ್ತವೆ. ಅವನ್ನು 120 ಬಗೆಯಲ್ಲಿ ಇಡಬಹುದು. ಗಂಟಿನೊಳಗೆ ಯು ಮೊದಲು ಬರಬಹುದು, ಎ ಮೊದಲು ಬರಬಹುದು. ಹಾಗಾಗಿ ಸ್ವರಗಳು ಕೂಡಿಯೇ ಇರುವ ಜೋಡಣೆಗಳು 240. ಒಟ್ಟು 720ರಲ್ಲಿ ಅವನ್ನು ಕಳೆದರೆ ಉತ್ತರ 480.

ಹೆಚ್ಚಿನ ಮಕ್ಕಳು ಇಲ್ಲಿಗೆ ಸರಿ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಆದರೆ ಅಭ್ಯಾಸದ ನಿಜವಾದ ಕೆಲಸ ಶುರುವಾಗುವುದೇ ಇಲ್ಲಿಂದ. ಉಳಿದ ಮೂರು ಆಯ್ಕೆಗಳನ್ನು ನೋಡಿ. 720 ಎಂದವರು ಷರತ್ತನ್ನೇ ಮರೆತಿದ್ದಾರೆ. 240 ಎಂದವರಿಗೆ ಲೆಕ್ಕ ಪೂರ್ತಿ ಗೊತ್ತು, ಆದರೆ 'ಬಾರದಂತೆ' ಎಂಬುದನ್ನು 'ಬರುವಂತೆ' ಎಂದು ಓದಿದ್ದಾರೆ. 120 ಎಂದವರು ಗಂಟು ಕಟ್ಟಿದರು, ಒಳಗಿನ ಅದಲುಬದಲನ್ನು ಬಿಟ್ಟರು, ಮೇಲಾಗಿ ಕಳೆಯುವುದನ್ನೂ ಮರೆತರು. ಪತ್ರಿಕೆ ತೆಗೆಯುವವರು ತಪ್ಪು ಆಯ್ಕೆಗಳನ್ನು ಬಾಯಿಗೆ ಬಂದಂತೆ ಹಾಕುವುದಿಲ್ಲ. ಮಕ್ಕಳು ಎಲ್ಲೆಲ್ಲಿ ಜಾರುತ್ತಾರೆ ಎಂದು ಮೊದಲೇ ಊಹಿಸಿ, ಆ ಜಾರಿದ ಜಾಗದಲ್ಲಿ ಸಿಗುವ ಸಂಖ್ಯೆಯನ್ನೇ ಇಡುತ್ತಾರೆ. ತಾನು ತೆಗೆದ ಉತ್ತರ ಆಯ್ಕೆಗಳಲ್ಲಿ ಇದೆ ಎಂಬ ಸಮಾಧಾನಕ್ಕೆ ಅದಕ್ಕೇ ಬೆಲೆ ಕಮ್ಮಿ.

ಪ್ರತಿ ಮಾದರಿ ಪ್ರಶ್ನೆಯಲ್ಲೂ ಹೀಗೆ ಮೂರು ತಪ್ಪುಗಳ ವಿವರ ಅಡಗಿರುತ್ತದೆ. ಸರಿ ಉತ್ತರ ಬಂದ ಮೇಲೂ, ಈ ಮೂರು ಸಂಖ್ಯೆಗಳು ಎಲ್ಲಿಂದ ಬಂದವು ಎಂದು ಹುಡುಕುವ ವಿದ್ಯಾರ್ಥಿ ಒಂದು ಪ್ರಶ್ನೆಯಿಂದ ನಾಲ್ಕು ಪ್ರಶ್ನೆಯಷ್ಟು ಕಲಿಯುತ್ತಾನೆ. ದಿನಕ್ಕೆ ನೂರು ಪ್ರಶ್ನೆ ಬಿಡಿಸಿದೆ ಎಂದು ಹೇಳಿಕೊಳ್ಳುವವರಿಗಿಂತ, ಇಪ್ಪತ್ತು ಬಿಡಿಸಿ ಅವುಗಳ ಅರವತ್ತು ತಪ್ಪು ಆಯ್ಕೆಗಳ ಮೂಲ ಹುಡುಕಿದವರ ಮೇಲೆ ನನಗೆ ಹೆಚ್ಚು ಭರವಸೆ.

ಇನ್ನೊಂದು ಹೆಜ್ಜೆ ಇದೆ, ಪ್ರಶ್ನೆಯನ್ನೇ ಬದಲಿಸುವುದು. ಮುದಗಲ್ ಮುಗಿಯಿತು, ಮಸ್ಕಿಗೆ ಹೋಗೋಣ. ಎಂ, ಎ, ಎಸ್, ಕೆ, ಐ. ಐದು ಅಕ್ಷರ, ಎರಡು ಸ್ವರ. ಒಟ್ಟು 120, ಸ್ವರಗಳು ಕೂಡಿರುವುದು 48, ಬಿಡಿಯಾಗಿರುವುದು 72. ಹಾದಿ ಅದೇ, ಸಂಖ್ಯೆ ಮಾತ್ರ ಬೇರೆ. ಈಗ ಸಿಂಧನೂರಿಗೆ ಹೋಗಿ: ಎಸ್, ಐ, ಎನ್, ಡಿ, ಎಚ್, ಎ, ಎನ್, ಯು, ಆರ್. ಒಂಬತ್ತು ಅಕ್ಷರ, ಅವುಗಳಲ್ಲಿ ಎನ್ ಎರಡು ಸಲ, ಸ್ವರಗಳು ಮೂರು. ಒಟ್ಟು ಜೋಡಣೆ 9ರ ಫ್ಯಾಕ್ಟೋರಿಯಲ್ ಅನ್ನು 2ರಿಂದ ಭಾಗಿಸಿದಷ್ಟು, 1,81,440. ಮೂರೂ ಸ್ವರಗಳನ್ನು ಗಂಟು ಕಟ್ಟಿದರೆ 15,120. ಮುದಗಲ್ ಲೆಕ್ಕದ ಅಭ್ಯಾಸಬಲದಿಂದ ಕಳೆದರೆ 1,66,320 ಬರುತ್ತದೆ. ಯಾವ ಎರಡು ಸ್ವರವೂ ಅಕ್ಕಪಕ್ಕ ಬಾರದ ಜೋಡಣೆ ಎಷ್ಟು ಎಂಬ ಪ್ರಶ್ನೆಗೆ ಇದು ಉತ್ತರವಲ್ಲ. 'ಮೂರೂ ಕೂಡಿಲ್ಲ' ಎಂಬುದರಲ್ಲಿ 'ಎರಡು ಕೂಡಿವೆ, ಒಂದು ದೂರವಿದೆ' ಎಂಬುದೂ ಸೇರಿಕೊಂಡಿದೆ. ಇಲ್ಲಿ ದಾರಿಯನ್ನೇ ಬದಲಿಸಬೇಕು. ಮೊದಲು ಆರು ವ್ಯಂಜನಗಳನ್ನು ಸಾಲಾಗಿ ನಿಲ್ಲಿಸಿ; ಎನ್ ಎರಡಿರುವುದರಿಂದ ಅದಕ್ಕೆ 360 ಬಗೆ. ಅವುಗಳ ನಡುವೆ ಮತ್ತು ಎರಡು ತುದಿಗಳಲ್ಲಿ ಏಳು ಖಾಲಿ ಜಾಗ. ಮೂರು ಸ್ವರಗಳನ್ನು ಆ ಏಳರಲ್ಲಿ ಬೇರೆ ಬೇರೆ ಜಾಗಕ್ಕೆ ಹಾಕಲು 7×6×5, ಅಂದರೆ 210 ಬಗೆ. ಉತ್ತರ 360×210, 75,600.

ಎರಡು ಸ್ವರಗಳಿದ್ದಾಗ ನಡೆದ ಉಪಾಯ ಮೂರು ಸ್ವರಗಳಿದ್ದಾಗ ನಡೆಯಲಿಲ್ಲ. ಇದನ್ನು ಯಾವ ಗೈಡೂ ಒಂದೇ ಪುಟದಲ್ಲಿ ಹೇಳಿಕೊಡುವುದಿಲ್ಲ. ತನ್ನ ಲೆಕ್ಕವನ್ನು ತಾನೇ ತಿರುಚಿ ನೋಡಿದವನಿಗೆ ಮಾತ್ರ ಇದು ಸಿಗುತ್ತದೆ, ಸಿಕ್ಕ ಮೇಲೆ ಮರೆಯುವುದಿಲ್ಲ. ಲಿಂಗಸೂಗೂರು ಎಂಬ ಹೆಸರು ಇನ್ನೂ ಸೊಗಸಾಗಿದೆ: ಅದರ ಹತ್ತು ಇಂಗ್ಲಿಷ್ ಅಕ್ಷರಗಳಲ್ಲಿ ಜಿ ಎರಡು, ಯು ಎರಡು. ಯಾವ ಎರಡು ಸ್ವರವೂ ಅಕ್ಕಪಕ್ಕ ಬಾರದಂತೆ ಜೋಡಿಸಿದರೆ 1,51,200 ಬರಬೇಕು. ದಾರಿಯನ್ನು ಓದುಗರೇ ಹುಡುಕಿಕೊಳ್ಳಲಿ.

ಲೆಕ್ಕ ಕೊಟ್ಟು ಲೆಕ್ಕ ಕಲಿಸುವ ಈ ಪದ್ಧತಿ ನಮ್ಮ ಸೀಮೆಗೆ ಹೊಸದೇನಲ್ಲ. ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ನೃಪತುಂಗನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಗ್ರಂಥದಲ್ಲಿ ಒಂದು ಸೂತ್ರ ಬಂದರೆ ಅದರ ಬೆನ್ನಿಗೇ ಸಾಲುಸಾಲು ಅಭ್ಯಾಸದ ಪ್ರಶ್ನೆಗಳು ಬರುತ್ತವೆ: ಹರಿದು ಚೆಲ್ಲಿದ ಮುತ್ತಿನ ಹಾರ, ಹಂಚಿಕೊಂಡ ಹಣ್ಣು, ಬಡ್ಡಿ, ಹೊಂಡದ ಅಳತೆ. ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು ಎಂಬ ಪ್ರಶ್ನೆಯೂ ಅದರಲ್ಲಿದೆ. ಒಂದೊಂದೇ, ಎರಡೆರಡು, ಮೂರು ಮೂರು ಎಂದು ಎಲ್ಲವನ್ನೂ ಎಣಿಸಿದರೆ 63. ಎನ್ ವಸ್ತುಗಳಿಂದ ಆರ್ ವಸ್ತುಗಳನ್ನು ಆಯ್ದುಕೊಳ್ಳುವ ಸಾಮಾನ್ಯ ಸೂತ್ರವನ್ನು ಆತ ಕೊಟ್ಟಿದ್ದಾನೆ. ಮೊದಲ ಪಿಯುಸಿಯ ಮಕ್ಕಳು ಇವತ್ತು ಬಾಯಿಪಾಠ ಮಾಡುವ ಸೂತ್ರ ಅದೇ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದವನೂ ಅವನೇ; ಆ ಮಾತಿನಾಚೆಗೆ ಹೋಗುವ ಸಂಕೀರ್ಣ ಸಂಖ್ಯೆಗಳ ಪಾಠವನ್ನು ನಮ್ಮ ಮಕ್ಕಳು ಈಗ ಓದುತ್ತಾರೆ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಗಣಿತ ಎಂದರೆ ದೂರದೂರಿನ ಕೋಚಿಂಗ್ ಸೆಂಟರಿನಿಂದ ತರಬೇಕಾದ ಸರಕು ಎಂದು ನಂಬಿರುವ ತಂದೆತಾಯಂದಿರಿಗೆ ಇದನ್ನೆಲ್ಲ ಹೇಳಬೇಕು ಅನಿಸುತ್ತದೆ.

ಅಧ್ಯಾಯದ ಹೆಸರು ಅಳಿಸಿ ನೋಡಿ

ಪೇಟೆಯಲ್ಲಿ ಸಿಗುವ ಗೈಡುಗಳಲ್ಲಿ ಪ್ರಶ್ನೆಗಳು ಅಧ್ಯಾಯವಾರು ಇರುತ್ತವೆ. ಮ್ಯಾಟ್ರಿಕ್ಸ್ ಮೇಲೆ ಎಂಬತ್ತು, ವೆಕ್ಟರ್ ಮೇಲೆ ಅರವತ್ತು, ಇಂಟಿಗ್ರೇಷನ್ ಮೇಲೆ ನೂರೈವತ್ತು. ಒಂದೇ ಅಧ್ಯಾಯದಲ್ಲಿ ನಾಲ್ಕು ಲೆಕ್ಕ ಮಾಡಿದ ಮೇಲೆ ಐದನೆಯದು ತಾನಾಗಿಯೇ ಬರುತ್ತದೆ, ಯಾಕೆಂದರೆ ಯಾವ ಸೂತ್ರ ಹಾಕಬೇಕು ಎಂದು ಪುಟದ ಮೇಲಿನ ತಲೆಬರಹವೇ ಹೇಳಿಬಿಟ್ಟಿರುತ್ತದೆ. ಸಿಇಟಿ ಪತ್ರಿಕೆಯಲ್ಲಿ ಆ ತಲೆಬರಹ ಇರುವುದಿಲ್ಲ. ಮೊದಲ ಪಿಯುಸಿಯ 14 ಮತ್ತು ಎರಡನೇ ಪಿಯುಸಿಯ 13, ಒಟ್ಟು 27 ಅಧ್ಯಾಯಗಳಲ್ಲಿ ಯಾವುದರಿಂದ ಬೇಕಾದರೂ ಪ್ರಶ್ನೆ ಎದುರಾಗುತ್ತದೆ. ಇದು ಯಾವ ಅಧ್ಯಾಯದ್ದು ಎಂದು ಗುರುತಿಸುವುದೇ ಅರ್ಧ ಕೆಲಸ. ಆ ಅರ್ಧ ಕೆಲಸಕ್ಕೆ ಗೈಡಿನಲ್ಲಿ ಅಭ್ಯಾಸವೇ ಆಗಿರುವುದಿಲ್ಲ.

2007ರಲ್ಲಿ ಅಮೆರಿಕದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಇದನ್ನು ಪ್ರಯೋಗ ಮಾಡಿ ನೋಡಿದರು. ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪಿಗೆ ಬಗೆವಾರು ಕೊಟ್ಟರು, ಇನ್ನೊಂದು ಗುಂಪಿಗೆ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಬಗೆವಾರು ಗುಂಪು ಶೇಕಡಾ 89ರಷ್ಟು ಸರಿ ಮಾಡಿತು. ಕಲಸಿ ಕೊಟ್ಟ ಗುಂಪು ಶೇಕಡಾ 60. ವಾರ ಬಿಟ್ಟು ಪರೀಕ್ಷೆ ಮಾಡಿದಾಗ ಬಗೆವಾರು ಗುಂಪಿನ ಸರಾಸರಿ ಶೇಕಡಾ 20ಕ್ಕೆ ಕುಸಿಯಿತು, ಇನ್ನೊಂದು ಗುಂಪು 63ರಲ್ಲೇ ನಿಂತಿತು. ಅಭ್ಯಾಸ ಮಾಡುವಾಗ ಸಲೀಸು ಅನಿಸಿದ್ದು ಪರೀಕ್ಷೆಯ ದಿನ ಕೈಕೊಟ್ಟಿತು. ತಡವರಿಸುತ್ತ ಮಾಡಿದ್ದು ತಲೆಯಲ್ಲಿ ಉಳಿಯಿತು.

ಇದಕ್ಕಿಂತ ಒಂದು ವರ್ಷ ಮೊದಲು, 2006ರಲ್ಲಿ, ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಓದಿನ ಬಗ್ಗೆ ಇಂಥದ್ದೇ ಸಂಗತಿ ತೋರಿಸಿದ್ದರು. ಒಂದು ಪಾಠವನ್ನು ಎರಡು ಸಲ ಓದಿದವರು ವಾರದ ಮೇಲೆ ಶೇಕಡಾ 42ರಷ್ಟು ನೆನಪಿಸಿಕೊಂಡರು. ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆದವರು ಶೇಕಡಾ 56. ಯೂಟ್ಯೂಬಿನಲ್ಲಿ ಯಾರೋ ಲೆಕ್ಕ ಬಿಡಿಸುವುದನ್ನು ನೋಡಿ 'ತಿಳೀತು' ಎಂದು ತಲೆಯಾಡಿಸುವ ಮಕ್ಕಳು ಈ ಎರಡು ಅಂಕಿಗಳನ್ನು ಮೇಜಿನ ಮೇಲೆ ಬರೆದಿಟ್ಟುಕೊಳ್ಳಲಿ. ಇನ್ನೊಬ್ಬರು ಬಿಡಿಸಿದ್ದು ತಿಳಿಯುವುದು ಬೇರೆ, ಖಾಲಿ ಹಾಳೆ ಎದುರಿಟ್ಟುಕೊಂಡು ತಾನೇ ಶುರುಮಾಡುವುದು ಬೇರೆ.

ಹಾಗಾದರೆ ಏನು ಮಾಡಬೇಕು? ಅಧ್ಯಾಯ ಹೊಸದಾಗಿದ್ದಾಗ ಅಧ್ಯಾಯವಾರೇ ಮಾಡಲಿ, ತಪ್ಪಿಲ್ಲ. ಮೊದಲು ವಿಧಾನ ಕೈಗೆ ಹತ್ತಬೇಕು. ಆಮೇಲೆ ಪ್ರತಿ ಅಧ್ಯಾಯದಿಂದ ಎರಡು ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಒಂದು ಡಬ್ಬಿಗೆ ಹಾಕಿ, ಕಣ್ಣು ಮುಚ್ಚಿ ಎತ್ತಿದರೆ ಸಾಕು. ಒಮ್ಮೆ ತಪ್ಪಾದ ಚೀಟಿ ಮೂರು ದಿನದ ಮೇಲೆ, ಮತ್ತೆ ವಾರದ ಮೇಲೆ, ಮತ್ತೆ ತಿಂಗಳ ಮೇಲೆ ಡಬ್ಬಿಗೆ ಮರಳಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಸಿಂಧನೂರಿನ ಗದ್ದೆಗಳಿಗೆ ಸರದಿಯ ಮೇಲೆ ಹರಿಸುವ ಹಾಗೆ ಓದನ್ನೂ ಸರದಿಯ ಮೇಲೆ ಹರಿಸಬೇಕು. ಮಾರ್ಚಿನಲ್ಲಿ ಒಮ್ಮೆಗೇ ತುಂಬಿಸಿದ್ದು ನಿಲ್ಲುವುದಿಲ್ಲ.

ಡಬ್ಬಿಯ ಜೊತೆಗೆ ಒಂದು ತಪ್ಪಿನ ನೋಟ್‌ಬುಕ್ಕೂ ಬೇಕು. ಅದರಲ್ಲಿ ಲೆಕ್ಕವನ್ನು ಪೂರ್ತಿ ಬರೆಯುವ ಅಗತ್ಯವಿಲ್ಲ, ತಪ್ಪು ಯಾವ ಜಾತಿಯದು ಎಂದು ಒಂದು ಸಾಲು ಬರೆದರೆ ಆಯಿತು. ವಿಷಯವೇ ಗೊತ್ತಿರಲಿಲ್ಲವೋ? ಗೊತ್ತಿತ್ತು, ಪ್ರಶ್ನೆಯನ್ನು ತಪ್ಪಾಗಿ ಓದಿದೆನೋ? ಋಣ ಚಿಹ್ನೆ ಬಿಟ್ಟುಹೋಯಿತೋ? ದಾರಿ ಸರಿಯಿತ್ತು, ಹೊತ್ತು ಸಾಲಲಿಲ್ಲವೋ? ತಿಂಗಳ ಕೊನೆಗೆ ಎಣಿಸಿ ನೋಡಿದರೆ ಮಗುವಿನ ನಿಜವಾದ ತೊಂದರೆ ಎಲ್ಲಿದೆ ಎಂದು ಕಾಣುತ್ತದೆ. "ಲೆಕ್ಕ ಬರ್ತಾವ ಸರ, ಆದ್ರ ಟೈಮ್ ಸಾಲಂಗಿಲ್ಲ" ಎಂಬುದು ನಮ್ಮ ಕಡೆ ಮಕ್ಕಳು ಸಾಮಾನ್ಯವಾಗಿ ಹೇಳುವ ಮಾತು. ಅಂಥವರ ನೋಟ್‌ಬುಕ್ ತೆಗೆದರೆ ಅನೇಕ ಸಲ ಬೇರೆ ಕಥೆಯೇ ಇರುತ್ತದೆ: ಹೊತ್ತು ಹೋಗಿರುವುದು ಒಂದೇ ಲೆಕ್ಕವನ್ನು ಚಿಹ್ನೆ ತಪ್ಪಿಸಿ ಎರಡೆರಡು ಸಲ ಮಾಡಿದ್ದಕ್ಕೆ. ಅದಕ್ಕೆ ಔಷಧ ವೇಗವಲ್ಲ, ಕಚ್ಚಾ ಲೆಕ್ಕವನ್ನು ಅಂದವಾಗಿ, ಒಂದರ ಕೆಳಗೊಂದು ಬರೆಯುವ ರೂಢಿ.

ಹಳೆಯ ಪತ್ರಿಕೆಗಳು ಮತ್ತು 2024ರ ಪಾಠ

ಅಭ್ಯಾಸಕ್ಕೆ ಎಲ್ಲಕ್ಕಿಂತ ಒಳ್ಳೆಯ ಸಾಮಗ್ರಿ ದುಡ್ಡಿಲ್ಲದೆ ಸಿಗುತ್ತದೆ. ಹಿಂದಿನ ವರ್ಷಗಳ ಸಿಇಟಿ ಪತ್ರಿಕೆಗಳನ್ನೂ ಕೀ ಉತ್ತರಗಳನ್ನೂ ಪರೀಕ್ಷಾ ಪ್ರಾಧಿಕಾರವೇ ತನ್ನ ಜಾಲತಾಣದಲ್ಲಿ ಹಾಕುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ ಒಂದು ಪತ್ರಿಕೆ ಪ್ರಿಂಟ್ ತೆಗೆಸಿದರೆ ಇಡೀ ಗೆಳೆಯರ ಬಳಗಕ್ಕೆ ಸಾಕು. ಐಐಟಿ ಕಾನ್ಪುರದ ನೆರವಿನಿಂದ ಕೇಂದ್ರ ಶಿಕ್ಷಣ ಸಚಿವಾಲಯ ನಡೆಸುವ 'ಸಾಥೀ' ತಾಣದಲ್ಲಿ ಜೆಇಇ ಮಟ್ಟದ ಪಾಠ ಮತ್ತು ಪರೀಕ್ಷೆಗಳು ಉಚಿತ. ಕೋಟಾಕ್ಕೋ ಕರಾವಳಿಯ ವಸತಿ ಕಾಲೇಜಿಗೋ ಮಕ್ಕಳನ್ನು ಕಳಿಸಲು ಹೊಲ ಒತ್ತೆ ಇಡುವ ಮುನ್ನ, ಇದಿಷ್ಟನ್ನು ಒಂದು ವರ್ಷ ನಿಷ್ಠೆಯಿಂದ ಮಾಡಿದ್ದೇವೆಯೇ ಎಂದು ಮನೆಯವರು ಕೇಳಿಕೊಳ್ಳಬೇಕು.

ಆದರೆ ಹಳೆಯ ಪತ್ರಿಕೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಎನ್‌ಸಿಇಆರ್‌ಟಿ ಪಠ್ಯದಲ್ಲಿ ಕೆಲವು ಭಾಗಗಳನ್ನು ಕೈಬಿಟ್ಟಿದ್ದರಿಂದ ಗಣಿತೀಯ ಅನುಗಮನ, ಗಣಿತೀಯ ತರ್ಕದಂಥ ಅಧ್ಯಾಯಗಳು ಈಗ ಪಿಯುಸಿಯಲ್ಲಿ ಇಲ್ಲ. 2024ರ ಏಪ್ರಿಲ್ 18 ಮತ್ತು 19ರಂದು ನಡೆದ ಸಿಇಟಿಯಲ್ಲಿ ಕೈಬಿಟ್ಟ ಭಾಗಗಳ ಪ್ರಶ್ನೆಗಳೇ ಬಂದವು. ವಿದ್ಯಾರ್ಥಿಗಳು, ಉಪನ್ಯಾಸಕರು, ಪೋಷಕರು ರಾಜ್ಯದುದ್ದಕ್ಕೂ ದನಿ ಎತ್ತಿದರು. ಕೊನೆಗೆ ನಾಲ್ಕು ವಿಷಯಗಳ 240 ಪ್ರಶ್ನೆಗಳಲ್ಲಿ 50 ಪಠ್ಯದಾಚೆಯವು ಎಂದು ಒಪ್ಪಿ ಮೌಲ್ಯಮಾಪನದಿಂದ ಕೈಬಿಡಲಾಯಿತು: ಭೌತವಿಜ್ಞಾನದಲ್ಲಿ 9, ರಸಾಯನವಿಜ್ಞಾನದಲ್ಲಿ 15, ಗಣಿತದಲ್ಲಿ 15, ಜೀವವಿಜ್ಞಾನದಲ್ಲಿ 11. ಗಣಿತದ ಅರವತ್ತರಲ್ಲಿ ಕಾಲುಭಾಗ ಹೋಯಿತು. ಅಂಕದ ಲೆಕ್ಕದಲ್ಲಿ ನ್ಯಾಯ ಸಿಕ್ಕಿತು, ಸರಿ. ಆದರೆ ಪಾಠವೇ ಆಗದ ಹದಿನೈದು ಪ್ರಶ್ನೆಗಳೆದುರು ಕೂತು ಕಳೆದುಹೋದ ನಿಮಿಷಗಳನ್ನು, ಕುಗ್ಗಿದ ಧೈರ್ಯವನ್ನು ಯಾವ ಆದೇಶವೂ ಮರಳಿ ಕೊಡಲಾರದು. ಊರಲ್ಲಿ ಮಾರ್ಗದರ್ಶನ ಕಡಿಮೆಯಿದ್ದು, ಇದು ಪಠ್ಯದಲ್ಲಿಲ್ಲದ್ದು ಎಂದು ಗುರುತಿಸಲಾಗದೆ ತಪ್ಪೆಲ್ಲ ತನ್ನದೇ ಎಂದುಕೊಂಡ ಮಕ್ಕಳಿಗೆ ಆ ಎಂಬತ್ತು ನಿಮಿಷ ಎಲ್ಲರಿಗಿಂತ ಭಾರವಾಗಿರುತ್ತದೆ.

ಆದ್ದರಿಂದ ಹಳೆಯ ಪತ್ರಿಕೆ ಕೈಗೆತ್ತಿಕೊಂಡ ಕೂಡಲೇ ಈಗಿನ ಪಠ್ಯಪುಸ್ತಕದ ಪರಿವಿಡಿ ಪಕ್ಕಕ್ಕಿಟ್ಟುಕೊಂಡು, ಈಗ ಇಲ್ಲದ ಭಾಗಗಳ ಪ್ರಶ್ನೆಗಳಿಗೆ ಅಡ್ಡಗೆರೆ ಎಳೆಯಬೇಕು. ಐದಾರು ವರ್ಷದ ಪತ್ರಿಕೆಗಳಿಗೆ ಹೀಗೆ ಮಾಡಿದ ವಿದ್ಯಾರ್ಥಿಗೆ ಪಠ್ಯಕ್ರಮ ಅಂಗೈಯಲ್ಲಿರುತ್ತದೆ.

ಎಂಬತ್ತು ಸೆಕೆಂಡಿನ ಉಪಾಯಗಳ ಬಗ್ಗೆ ಎರಡು ಮಾತು. ಆಯ್ಕೆಗಳಿರುವ ಪರೀಕ್ಷೆಯಲ್ಲಿ ಬೆಲೆ ಹಾಕಿ ನೋಡುವುದು ಒಂದು ಒಳ್ಳೆಯ ಸಾಧನ. ಕಾಸ್ ಥೀಟಾದ ನಾಲ್ಕನೇ ಘಾತದಿಂದ ಸೈನ್ ಥೀಟಾದ ನಾಲ್ಕನೇ ಘಾತ ಕಳೆದರೆ ಏನು ಬರುತ್ತದೆ? ಆಯ್ಕೆಗಳು: ಕಾಸ್ 2ಥೀಟಾ, ಸೈನ್ 2ಥೀಟಾ, 1, ಕಾಸ್ 4ಥೀಟಾ. ಥೀಟಾ ಸೊನ್ನೆ ಎಂದು ಹಾಕಿದರೆ ಬೆಲೆ 1 ಬರುತ್ತದೆ; ಮೂರು ಆಯ್ಕೆಗಳು ಅದಕ್ಕೆ ಹೊಂದುತ್ತವೆ, ಏನೂ ಪ್ರಯೋಜನವಾಗಲಿಲ್ಲ. 45 ಡಿಗ್ರಿ ಹಾಕಿದರೆ ಬೆಲೆ ಸೊನ್ನೆ, ಆಗ ಉಳಿಯುವುದು ಕಾಸ್ 2ಥೀಟಾ ಒಂದೇ. ಯಾವ ಬೆಲೆ ಹಾಕಬೇಕು ಎಂಬ ವಿವೇಕ ಕೂಡ ಅಭ್ಯಾಸದಿಂದಲೇ ಬರಬೇಕು. ಇದನ್ನು ವರ್ಗಗಳ ವ್ಯತ್ಯಾಸ ಎಂದು ಗುರುತಿಸಿದವರಿಗೆ ಇಷ್ಟೂ ಬೇಡ. ಎರಡು ಅಪವರ್ತನಗಳಲ್ಲಿ ಒಂದು 1, ಇನ್ನೊಂದು ಕಾಸ್ 2ಥೀಟಾ, ಹತ್ತು ಸೆಕೆಂಡಿನ ಕೆಲಸ. ವಿಷಯ ತಿಳಿದವರಿಗಿಂತ ಬೇಗ ಹೋಗುವ ಅಡ್ಡದಾರಿ ಅಪರೂಪ.

ಇಂಟಿಗ್ರೇಷನ್‌ನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಸೊನ್ನೆಯಿಂದ ಪೈ/2ರವರೆಗೆ, ಮೇಲೆ ಸೈನ್, ಕೆಳಗೆ ಸೈನ್ ಮತ್ತು ಕಾಸ್‌ಗಳ ಮೊತ್ತ. ಉತ್ತರ ಪೈ/4 ಎಂದು ಮಕ್ಕಳು ನಿದ್ದೆಯಲ್ಲೂ ಹೇಳುತ್ತಾರೆ. ವರ್ಗಮೂಲ ಹಾಕಿದರೂ ಅದೇ, ಘನ ಹಾಕಿದರೂ ಅದೇ. ಯಾಕೆ ಎಂದು ಕೇಳಿ. ಎಕ್ಸ್ ಜಾಗದಲ್ಲಿ ಪೈ/2ರಲ್ಲಿ ಎಕ್ಸ್ ಕಳೆದದ್ದನ್ನು ಹಾಕಿದರೆ ಸೈನ್ ಕಾಸ್ ಆಗುತ್ತದೆ, ಕಾಸ್ ಸೈನ್ ಆಗುತ್ತದೆ. ಹಳೆಯದನ್ನೂ ಹೊಸದನ್ನೂ ಕೂಡಿಸಿದರೆ ಒಳಗೆ ಉಳಿಯುವುದು 1 ಮಾತ್ರ. ಅದರ ಬೆಲೆ ಅಂತರದ ಉದ್ದ, ನಮಗೆ ಬೇಕಾದದ್ದು ಅದರ ಅರ್ಧ. ಇಷ್ಟು ತಿಳಿದವರ ಎದುರು ಮಿತಿಗಳನ್ನು ಪೈ/6ರಿಂದ ಪೈ/3 ಎಂದು ಬದಲಿಸಿ ಕೊಡಿ. ಎರಡು ಮಿತಿಗಳ ಮೊತ್ತ ಈಗಲೂ ಪೈ/2 ಆದ್ದರಿಂದ ಉಪಾಯ ನಡೆಯುತ್ತದೆ, ಉತ್ತರ ಪೈ/12. ಸೊನ್ನೆಯಿಂದ ಪೈ/3 ಎಂದರೆ ಮೊತ್ತ ಬೇರೆಯಾಯಿತು, ಉಪಾಯ ನಡೆಯುವುದಿಲ್ಲ. ಉತ್ತರವನ್ನಷ್ಟೇ ನೆನಪಿಟ್ಟವರು ಎರಡೂ ಕಡೆ ಪೈ/4 ಎಂದೇ ಗೋಲ ತುಂಬುತ್ತಾರೆ.

ಕಾರಣ ತಿಳಿದು ಬರೆಯುವುದಕ್ಕೆ ಇನ್ನೊಂದು ಲಾಭವಿದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕದ ಅರ್ಧ, ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತ ಅಂಕದ ಅರ್ಧ ಸೇರುತ್ತವೆ. ಪಿಯುಸಿ ಪರೀಕ್ಷೆಯಲ್ಲಿ ಹೆಜ್ಜೆಹೆಜ್ಜೆಗೆ ಅಂಕ. ಬರೀ ಉತ್ತರ ಬರೆದರೆ ನಡೆಯುವುದಿಲ್ಲ. ಹಾಗಾಗಿ ಮಾರ್ಚ್‌ವರೆಗೆ ಬೋರ್ಡ್ ಪರೀಕ್ಷೆ, ಏಪ್ರಿಲ್‌ನಲ್ಲಿ ಸಿಇಟಿ ಎಂದು ಓದನ್ನು ಎರಡು ಹೋಳು ಮಾಡಬೇಕಿಲ್ಲ.

ದೋಆಬ್‌ನ ಮಕ್ಕಳಿಗೆ ಯಾವ ಬಾಗಿಲುಗಳು

ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿ, ಆದಿಲಶಾಹಿಗಳೂ ತಲೆಮಾರುಗಟ್ಟಲೆ ಕಾದಾಡಿದರು. ಮುದಗಲ್ ಕೋಟೆ ಕೈಯಿಂದ ಕೈಗೆ ದಾಟಿತು. ಆಮೇಲೆ 1948ರವರೆಗೆ ನಿಜಾಮರ ಆಳ್ವಿಕೆ. ಶಾಲೆ, ಕಾಲೇಜುಗಳು ಇಲ್ಲಿಗೆ ತಡವಾಗಿ ಬಂದವು. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಕಲಬುರಗಿ ವಿಭಾಗದವೇ ಎಂದು ಗುರುತಿಸಿತು. ಹೋರಾಟಗಳ ಫಲವಾಗಿ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371ಜೆ ವಿಧಿ ಸೇರಿತು. 2013ರ ಆದೇಶದಂತೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70, ರಾಜ್ಯದ ಉಳಿದೆಡೆ ಶೇಕಡಾ 8 ಸೀಟುಗಳು ಇಲ್ಲಿನ ಮಕ್ಕಳಿಗೆ ಮೀಸಲು.

ಇದರ ಅರ್ಥವೇನೆಂದರೆ, ಮುದಗಲ್ಲಿನ ಹುಡುಗಿಯನ್ನು ಪ್ರತಿ ಒಂದು ಅಂಕವೂ ನಿಜವಾದ ಸೀಟಿನ ಹತ್ತಿರ ಒಯ್ಯುತ್ತದೆ. ರಾಯಚೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಕಲಬುರಗಿಯ ಪಿಡಿಎ ಕಾಲೇಜು, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಎಂಜಿನಿಯರಿಂಗ್ ಕಾಲೇಜು ಇವೆಲ್ಲ ಸಿಇಟಿ ರ‍್ಯಾಂಕಿನ ದಾರಿಯಲ್ಲೇ ಇವೆ. ಆದರೆ 371ಜೆ ಸೌಲಭ್ಯ ತಾನಾಗಿ ಬರುವುದಿಲ್ಲ; ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಪಡೆದು ಅರ್ಜಿಯಲ್ಲಿ ನಮೂದಿಸಬೇಕು. ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲು ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಇದೆ. ಇವುಗಳಿಗೂ ಕಾಗದ ಬೇಕು. ಪುರಸಭೆಯ ವ್ಯಾಪ್ತಿಯಲ್ಲಿರುವ ಮುದಗಲ್ ಊರಿನ ಶಾಲೆ ಗ್ರಾಮೀಣ ಲೆಕ್ಕಕ್ಕೆ ಬರುವುದಿಲ್ಲ, ಸುತ್ತಲಿನ ಹಳ್ಳಿಗಳ ಶಾಲೆಗಳು ಬರುತ್ತವೆ. ಏಪ್ರಿಲ್‌ನ ಬಿಸಿಲಲ್ಲಿ ಮಕ್ಕಳು ಓದು ಬಿಟ್ಟು ಕಚೇರಿಗಳ ಮುಂದೆ ಸಾಲು ನಿಲ್ಲುವಂತಾಗಬಾರದು. ಈ ಕೆಲಸವನ್ನು ಮನೆಯ ಹಿರಿಯರು ದಸರೆಯ ಹೊತ್ತಿಗೇ ಮುಗಿಸಿಕೊಡಬೇಕು.

ಜೆಇಇ ಮೇನ್ ಬೇರೆ ಬಾಗಿಲು. 2019ರಲ್ಲಿ ಶುರುವಾದ ರಾಯಚೂರಿನ ಐಐಐಟಿ ನಮ್ಮ ಜಿಲ್ಲೆಯಲ್ಲೇ ಇದ್ದರೂ ಅದರ ಪ್ರವೇಶ ಜೆಇಇ ಮೂಲಕವೇ. ಅಲ್ಲಿ ಗಣಿತಕ್ಕೆ 25 ಪ್ರಶ್ನೆ, ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. 2021ರಿಂದ ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಪಿಯುಸಿಯಲ್ಲಿ ಒಮ್ಮೆಗೇ ಇಂಗ್ಲಿಷಿಗೆ ಹಾರುವ ಮಕ್ಕಳು, ಲೆಕ್ಕ ಗೊತ್ತಿದ್ದೂ ಪ್ರಶ್ನೆಯ ಭಾಷೆಯಲ್ಲಿ ಎಡವುವುದುಂಟು. ಅಂಥವರು ಪ್ರತಿ ಮಾದರಿ ಪ್ರಶ್ನೆಯನ್ನು ಒಮ್ಮೆ ತಮ್ಮ ಮಾತಿನಲ್ಲಿ, ರಾಯಚೂರು ಕನ್ನಡದಲ್ಲೇ, ಗಟ್ಟಿಯಾಗಿ ಹೇಳಿಕೊಂಡು ಆಮೇಲೆ ಬಿಡಿಸಲಿ.

ಊಹೆಯ ಲೆಕ್ಕವೂ ಇಲ್ಲೇ ಹೇಳಬೇಕು. ಸಿಇಟಿಯಲ್ಲಿ ತಪ್ಪಿಗೆ ಕಡಿತವಿಲ್ಲ. ಗೊತ್ತಿಲ್ಲದ ಇಪ್ಪತ್ತು ಪ್ರಶ್ನೆಗಳನ್ನು ಖಾಲಿ ಬಿಟ್ಟರೆ ಸೊನ್ನೆ, ಕಣ್ಣುಮುಚ್ಚಿ ತುಂಬಿದರೆ ಸರಾಸರಿ 5, ಪ್ರತಿಯೊಂದರಲ್ಲೂ ಎರಡು ಆಯ್ಕೆ ತಪ್ಪೆಂದು ತೆಗೆದುಹಾಕುವಷ್ಟು ತಿಳಿದಿದ್ದರೆ ಸರಾಸರಿ 10. ತಪ್ಪು ಆಯ್ಕೆಗಳ ಮೂಲ ಹುಡುಕುವ ಅಭ್ಯಾಸಕ್ಕೆ ಅಂಕದಲ್ಲೇ ಪ್ರತಿಫಲ ಸಿಗುವುದು ಹೀಗೆ. ಸಿಇಟಿಯಲ್ಲಿ ಒಂದು ಗೋಲವನ್ನೂ ಖಾಲಿ ಬಿಡಬಾರದು. ಜೆಇಇಯ ಆಯ್ಕೆ ಪ್ರಶ್ನೆಗಳಲ್ಲಿ ಕುರುಡು ಊಹೆಗೆ ಸಿಗುವುದು ಸರಾಸರಿ ಕಾಲು ಅಂಕ. ಎರಡನ್ನು ತೆಗೆದುಹಾಕಿ ಊಹಿಸಿದರೆ ಒಂದೂವರೆ. ಕುರುಡು ಊಹೆಯ ಸರಾಸರಿ ಲಾಭ ಕಮ್ಮಿ, ಕಡಿತದ ಅಪಾಯ ಹೆಚ್ಚು; ಹಾಗಾಗಿ ಅಲ್ಲಿ ಏನೂ ತಿಳಿಯದ ಪ್ರಶ್ನೆಯನ್ನು ಬಿಡುವುದೇ ಮೇಲು, ಅರ್ಧ ತಿಳಿದದ್ದನ್ನು ಬಿಡಬಾರದು.

ಕೊನೆಯ ತಿಂಗಳಲ್ಲಿ ವಾರಕ್ಕೆ ಎರಡು ಪೂರ್ಣ ಪತ್ರಿಕೆಗಳನ್ನು ಪರೀಕ್ಷೆಯ ಹೊತ್ತಿನಲ್ಲೇ, ಬೆಳಿಗ್ಗೆ ಹತ್ತೂವರೆಗೋ ಮಧ್ಯಾಹ್ನ ಎರಡೂವರೆಗೋ ಕೂತು ಬರೆಯಬೇಕು. ರಾಯಚೂರಿನ ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಸೆಕೆಯಲ್ಲಿ ಮಧ್ಯಾಹ್ನ ಎಂಬತ್ತು ನಿಮಿಷ ಗಮನ ಹಿಡಿದು ಕೂರುವುದಕ್ಕೂ ಅಭ್ಯಾಸ ಬೇಕು. ಓಎಂಆರ್ ಹಾಳೆಯ ಝೆರಾಕ್ಸ್ ಮಾಡಿಸಿ ಬಾಲ್‌ಪೆನ್ನಿನಿಂದಲೇ ತುಂಬಬೇಕು, ಯಾಕೆಂದರೆ ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಹಾಳೆಯಲ್ಲೂ ಒಂದು ಸಾಲು ಬಿಡುವುದನ್ನು ಮರೆತರೆ ಅಲ್ಲಿಂದಾಚೆಗಿನ ಸರಿ ಉತ್ತರಗಳೆಲ್ಲ ತಪ್ಪಾಗುತ್ತವೆ. ಮೊದಲ ಸುತ್ತಿನಲ್ಲಿ ನೋಡಿದ ಕೂಡಲೇ ದಾರಿ ಹೊಳೆದವು, ಎರಡನೇ ಸುತ್ತಿನಲ್ಲಿ ಹೊತ್ತು ಬೇಡುವವು, ಕೊನೆಯ ಐದು ನಿಮಿಷದಲ್ಲಿ ಉಳಿದ ಖಾಲಿ ಗೋಲಗಳು. ಒಂದೇ ಲೆಕ್ಕದ ಮೇಲೆ ಮೂರು ನಿಮಿಷ ಕಳೆದರೆ ಎರಡು ಲೆಕ್ಕಗಳಿಗಿಂತ ಹೆಚ್ಚಿನ ಹೊತ್ತು ಹೋದಂತೆಯೇ. ಅದನ್ನು ಬಿಟ್ಟು ಮುಂದೆ ಹೋಗುವ ಮನಸ್ಸನ್ನೂ ಮನೆಯಲ್ಲೇ ಪಳಗಿಸಿಕೊಳ್ಳಬೇಕು.

ಪರೀಕ್ಷೆ ಮುಗಿದ ಕೆಲವು ದಿನಗಳಲ್ಲಿ ಪ್ರಾಧಿಕಾರ ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ. ಕೀ ಉತ್ತರ ತಪ್ಪೆನಿಸಿದರೆ ಪಠ್ಯದ ಪುಟಸಂಖ್ಯೆ ಸಮೇತ, ಲೆಕ್ಕ ಬರೆದು, ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸುವ ಹಕ್ಕು ಬೆಂಗಳೂರಿನ ವಿದ್ಯಾರ್ಥಿಗೆ ಎಷ್ಟಿದೆಯೋ ಮುದಗಲ್ಲಿನ ವಿದ್ಯಾರ್ಥಿಗೂ ಅಷ್ಟೇ ಇದೆ. ಅದಕ್ಕೆ ಬೇಕಾದದ್ದು ಪಠ್ಯದ ಮೇಲಿನ ಹಿಡಿತ ಮತ್ತು ತನ್ನ ಲೆಕ್ಕದ ಮೇಲಿನ ಧೈರ್ಯ. ಒಂದು ವರ್ಷ ತಪ್ಪು ಆಯ್ಕೆಗಳ ಹಿಂದೆ ಬಿದ್ದು ಕಾರಣ ಹುಡುಕಿದವರ ಹತ್ತಿರ ಅವೆರಡೂ ಇರುತ್ತವೆ.